ಬಾಟಲಿ ಮೇಲಿನ ಮನುಷ್ಯ

ಜಲಜಾಕ್ಷಿ ಟೀಚರ್ ನನ್ನ ಜೊತೆ ಮೊದಲ ಸಲ ಮಾತಾಡಿದ್ದು ಬೈಯೋದಕ್ಕೆ.

ಠಾಣೆಯ ಪಕ್ಕದ ಕಳವಾ ಅನ್ನುವ ಊರಿನಲ್ಲಿ, ನಮ್ಮ ಗಲ್ಲಿಯ ನಳದ ಹತ್ತಿರ ನಾನು ಕೊಡ ತುಂಬಿಸುತ್ತ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಸೀರೆಯ ನೆರಿಗೆ ಎತ್ತಿ ಹಿಡಿದು, ಗಟಾರ ದಾಟಿ, ನೇರ ನನ್ನ ಮುಂದೆ ಬಂದು ನಿಂತರು. ಐವತ್ತರ ಸುಮಾರಿನ ವಯಸ್ಸು. ಬೆಳ್ಳನೆ ಮುಖ, ಕಿವಿಯ ಹತ್ತಿರ ನರೆ. ಬಿಸಿಲಿಗೋ ಸಿಟ್ಟಿಗೋ ಮೂಗಿನ ತುದಿ ಕೆಂಪಾಗಿತ್ತು.

"ನೀವು ನಾಗವೇಣಿಯ ಅಪ್ಪ ಅಲ್ವಾ? ಎಂಟನೇ ಕ್ಲಾಸಿನ ಹುಡುಗಿಯನ್ನು ಶಾಲೆ ಬಿಡಿಸಿ ರಬಾಳೆಗೆ ಪ್ಯಾಕಿಂಗ್ ಕೆಲಸಕ್ಕೆ ಕಳಿಸ್ಲಿಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು? ಅವಳು ಎಷ್ಟು ಚಂದ ಓದ್ತಾಳೆ ಗೊತ್ತುಂಟಾ ನಿಮಗೆ?"

ಮಾತಿನ ನಡುವೆ ಬಾಯಿ ಹಾಕುವ ಚಾಳಿ ನನಗಿಲ್ಲ. ಪೂರ್ತಿ ಬೈಸಿಕೊಂಡೆ. ಕೊಡ ತುಂಬಿ ಹರಿಯಲಿಕ್ಕೆ ಹತ್ತಿತು.

"ನೀವು ಹೇಳೋದು ಖರೆ ಅದರಿ," ಅಂದೆ. "ಆದ್ರ ಆಕೀ ಅಪ್ಪ ನಾ ಅಲ್ರಿ. ಅಂವ ಯಂಕಪ್ಪ, ಆಚೀ ಮನಿಯಾಂವ. ನಾ ಜಟ್ಟೆಪ್ಪ. ನನಗ ಮಕ್ಕಳೇ ಇಲ್ಲ."

ಅವರ ಮುಖದ ಮೇಲಿನ ಸಿಟ್ಟು ಇಳಿಯಲಿಕ್ಕೆ ಜಾಗ ಸಿಗದೆ ಅಲ್ಲೇ ನಿಂತಿತು.

"ಅಯ್ಯೋ. ಪಾಲಕರ ಸಭೆಗೆ ಬಂದಾಗ ನೋಡಿದ್ದೆ. ಎತ್ತರ, ಕಪ್ಪು, ಮೀಸೆ..."

"ಅಷ್ಟಿದ್ರ ಎಲ್ಲಾರೂ ಯಂಕಪ್ಪ ಆಗ್ತಾರೇನ್ರಿ?"

ನಾನು ನಗುತ್ತಲೇ ಕೇಳಿದ್ದು. ಅವರು ನಗಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದರು. ಹಣೆ, ಕಣ್ಣು, ಮೀಸೆ, ಗದ್ದ. ಅವಸರವಿಲ್ಲದೆ, ಕಳೆದದ್ದನ್ನು ಹುಡುಕುವವರ ಹಾಗೆ.

"ಇಲ್ಲ," ಅಂದರು ಕೊನೆಗೆ. "ಈಗ ನೋಡಿದ್ರೆ ಒಂಚೂರೂ ಹೋಲಿಕೆ ಇಲ್ಲ."

ಈ ಊರಿನಲ್ಲಿ ನನ್ನ ಮುಖ ನೋಡಿದವರು ಕೂಡಲೇ ಕಣ್ಣು ತೆಗೆಯುತ್ತಾರೆ, ಇಲ್ಲ ತಮ್ಮ ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ಇಂಡಿ ಕಡೆಯಿಂದ ಬಂದು, ತುರ್ಭೆಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತ ಮುದುಕನಾದೆ. ಹೆಂಡತಿ ಮರಗಮ್ಮ ಇಲ್ಲಿಗೆ ಬಂದ ಹೊಸದರಲ್ಲೇ ಜ್ವರದಲ್ಲಿ ಹೋದಳು. ಆಮೇಲೆ ಹಾಗೆ ನನ್ನನ್ನು ನಿಂತು ನೋಡಿದವರು ಇವರೊಬ್ಬರೇ.

ಯಂಕಪ್ಪನ ಹತ್ತಿರ ಕೂತು ಮಾತಾಡಿದೆ. ಸಣ್ಣವನಿದ್ದಾಗ ಅವನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದವನೇ ನಾನು, ನನ್ನ ಮಾತು ತೆಗೆದುಹಾಕುವುದಿಲ್ಲ. ನಾಗವೇಣಿ ತಿರುಗಿ ಶಾಲೆಗೆ ಹೋದಳು.

*

ಮೂಟೆ ಹೊತ್ತು ಹೊತ್ತು ನನ್ನ ಬಲಗಡೆಯ ಭುಜ ಜೋತುಬಿದ್ದಿದೆ. ಡಾಕ್ಟರು ಹಮಾಲಿ ಬೇಡ ಅಂದ ಮೇಲೆ, ಮನೀಶ ಅನ್ನುವ ಹುಡುಗ ನನ್ನನ್ನು ಶೂಟಿಂಗಿಗೆ ಕರೆಯಲಿಕ್ಕೆ ಶುರು ಮಾಡಿದ. ಹಿಂದೆ ನಿಲ್ಲುವ ಗುಂಪಿಗೆ ಜನ ಒದಗಿಸುವುದು ಅವನ ಕೆಲಸ. ಶನಿವಾರ ಕೆಲಸ ಇರುತ್ತಿರಲಿಲ್ಲ. ನಾಗವೇಣಿಯನ್ನು ರೈಲು ಹಳಿ ದಾಟಿಸಿ ಕನ್ನಡ ಶಾಲೆಗೆ ಮುಟ್ಟಿಸುವ ಜವಾಬ್ದಾರಿ ನಾನೇ ತಗೊಂಡೆ.

"ಬಿಸಿಲಲ್ಲಿ ಯಾಕೆ ನಿಲ್ಲುದು? ಒಳಗೆ ಬಂದು ಕೂತ್ಕೊಳ್ಳಿ," ಅಂದರು ಟೀಚರ್. ನಮ್ಮೂರಲ್ಲಿ ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು, ಈ ವಯಸ್ಸಿನಲ್ಲಿ ಹಿಂದಿನ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತೆ.

ಶನಿವಾರದ ಕೊನೆಯ ತಾಸು ಪುಸ್ತಕ ಇರಲಿಲ್ಲ. ಮಕ್ಕಳು ಜಾಹೀರಾತು ತರಬೇಕು. ಪೇಪರಿನದು, ಸೋಪಿನ ರಟ್ಟಿನದು, ರಿಕ್ಷಾದ ಬೆನ್ನಿಂದ ಕಿತ್ತದ್ದು, ಯಾವುದಾದರೂ. ಟೀಚರ್ ಅದನ್ನು ಕಪ್ಪುಹಲಗೆಗೆ ಅಂಟಿಸಿ ಪಕ್ಕಕ್ಕೆ ನಿಲ್ಲುತ್ತಿದ್ದರು.

"ಮೊದಲು ನೋಡಿ. ಯಾರನ್ನು ನಗಿಸ್ಲಿಕ್ಕೆ ಯಾರನ್ನು ನಿಲ್ಲಿಸಿದ್ದಾರೆ?"

ಬೀಗದ ಜಾಹೀರಾತಿನಲ್ಲಿ ವಾಚ್‌ಮನ್ ಯಾವಾಗಲೂ ಸಣ್ಣ ಕಣ್ಣಿನವನೇ ಯಾಕೆ, ಅವನು ಯಾವಾಗಲೂ ನಿದ್ದೆ ಹೊಡೆಯುತ್ತಾನೆ ಯಾಕೆ? ಇಡ್ಲಿ ಹಿಟ್ಟು ಮಾರುವವನು ಹಣೆ ತುಂಬ ವಿಭೂತಿ ಬಳಿದುಕೊಂಡು ತಪ್ಪು ಹಿಂದಿಯಲ್ಲಿ ಅಯ್ಯಯ್ಯೋ ಅನ್ನಬೇಕು ಅಂತ ಯಾರು ಹೇಳಿದ್ದು?

ಹಿಂದಿನ ಸಾಲಿನ ಸಂಗಮೇಶ ಎದ್ದು ನಿಂತ. "ಟೀಚರ್, ಮೇರೆ ಪಪ್ಪಾ ಕೋ ಭೀ ಫ್ಯಾಕ್ಟರಿ ಮೇ ಅಯ್ಯಯ್ಯೋ ಬುಲಾತೇ ಹೈ."

ಮಕ್ಕಳು ನಕ್ಕರು. ಟೀಚರ್ ನಗು ಮುಗಿಯುವ ತನಕ ಕಾದರು.

"ನೋಡಿ. ಆ ಮಾತು ಟೀವಿಯಿಂದ ಇಳಿದು ಇವನ ಅಪ್ಪನ ಫ್ಯಾಕ್ಟರಿಗೆ ಹೋಯ್ತು. ಚಿತ್ರ ಸುಮ್ಮನೆ ಇರುದಿಲ್ಲ ಮಕ್ಕಳೇ. ನಾನೂ ಒಮ್ಮೆ ಒಬ್ಬರನ್ನು ನೋಡಿ ಇನ್ನೊಬ್ಬರು ಅಂದ್ಕೊಂಡು ಚೆನ್ನಾಗಿ ಬೈದುಬಿಟ್ಟೆ. ಯಾಕೆ? ನನ್ನ ತಲೆಯೊಳಗೆ ಅಂಥವರದ್ದೆಲ್ಲ ಒಂದೇ ಚಿತ್ರ ಇತ್ತು."

ಹಾಗಂದು ಕಣ್ಣಂಚಿನಿಂದ ಹಿಂದಿನ ಬೆಂಚಿನ ಕಡೆ ನೋಡಿದರು. ತುಟಿ ಬಿಗಿದಿತ್ತು, ಕಣ್ಣು ನಗುತ್ತಿತ್ತು. ನಾನು ಕಿಡಕಿಯಾಚೆ ಏನೋ ಇದೆ ಅನ್ನುವ ಹಾಗೆ ಅತ್ತ ತಿರುಗಿದೆ. ಅಲ್ಲಿ ಗೋಡೆ ಇತ್ತು.

ಶಾಲೆ ಬಿಟ್ಟ ಮೇಲೆ ಸ್ಟೇಶನ್ನಿನ ತನಕ ಜೊತೆಗೆ ನಡೆಯುತ್ತಿದ್ದೆವು. ಅವರದು ಡೋಂಬಿವಲಿ. ತಮ್ಮನನ್ನು ಓದಿಸಿ, ಅಮ್ಮನನ್ನು ಕೊನೆಯ ತನಕ ನೋಡಿಕೊಂಡು, ತಮಗೆ ಅಂತ ಏನೂ ಮಾಡಿಕೊಳ್ಳದೆ ಒಬ್ಬರೇ ಉಳಿದವರು.

"ಏನು ಹೀರೋ, ಈ ವಾರ ಯಾವ ಪಾರ್ಟು?"

"ಹೆಣ ಹೊರೋ ಪಾರ್ಟ್ ರೀ."

"ಎಂಥ ಕಥೆ ಮಾರಾಯ್ರೆ. ಹೋದ ವಾರ ಕಳ್ಳ, ಈ ವಾರ ಹೆಣ. ಮದುಮಗನ ಪಾರ್ಟು ಯಾವಾಗ?"

"ಕೊಡೋರು ಬೇಕಲ್ರಿ."

ಅವರು ಮೆಟ್ಟಿಲು ಹತ್ತುವಾಗ ಸೆರಗು ಎಳೆದು ಇನ್ನೊಂದು ಭುಜಕ್ಕೂ ಹೊದ್ದುಕೊಂಡರು. ಕಿವಿ ಮಾತ್ರ ಕೆಂಪಗೆ ಹೊರಗೆ ಉಳಿಯಿತು.

ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ಒಂದು ಸಲ ತಿರುಗಿ ನೋಡುತ್ತಿದ್ದರು. ಗರ್ದಿಯಲ್ಲಿ ಯಾರೋ ತಳ್ಳಿ ಒಳಗೆ ಹೋಗುವ ತನಕ. ಆ ಒಂದು ನೋಟ ಇಟ್ಟುಕೊಂಡು ನಾನು ಮುಂದಿನ ಶನಿವಾರಕ್ಕೆ ಮುಟ್ಟುತ್ತಿದ್ದೆ.

*

ಬೇಸಿಗೆಯಲ್ಲಿ ಮನೀಶನ ಫೋನು ಬಂತು. "ಅಣ್ಣಾ, ಇಸ್ ಬಾರ್ ಪೀಛೆ ನಹೀ, ಆಗೇ ಖಡಾ ರಹೇಗಾ ತೂ. ಬಾಟಲ್ ಪೆ ಫೋಟೋ ಆಯೇಗಾ ತೇರಾ."

ಹೊಸ ಕೋಲ್ಡ್‌ಡ್ರಿಂಕು. ಈ ಸಲ ನಾನು ಎಲ್ಲರ ಮುಂದೆ ನಿಲ್ಲಬೇಕು, ಬಾಟಲಿಯ ಮೇಲೆ ನನ್ನದೇ ಫೋಟೋ. ಠಾಣೆಯಾಚೆ ಒಂದು ಬಯಲಿನಲ್ಲಿ ಪ್ಲಾಸ್ಟಿಕ್ ಬಾಳೆಗಿಡ ನೆಟ್ಟು ಕಾಡು ಮಾಡಿದ್ದರು. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಮೈಗೆಲ್ಲ ಕರಿ ಬಣ್ಣ ಬಳಿದರು.

"ನಾ ಮೊದಲೇ ಕರಿ ಅದೀನಲ್ಲ," ಅಂತ ಹಿಂದಿಯಲ್ಲಿ ಹೇಳಿದೆ.

ಮೇಕಪ್ಪಿನವನು ಕೈ ನಿಲ್ಲಿಸಲಿಲ್ಲ. ಕ್ಯಾಮೆರಾಕ್ಕೆ ನಿನ್ನ ಕಪ್ಪು ಸಾಲುವುದಿಲ್ಲ ಚಾಚಾ, ಅಂದ.

ಗುಂಗುರು ಕೂದಲಿನ ಟೋಪನ್, ಸೊಂಟಕ್ಕೆ ಹುಲ್ಲು, ಕೊರಳಿಗೆ ಎಲುಬಿನ ಸರ. ನಾನು ಆಫ್ರಿಕಾದ ಕಾಡಿನ ರಾಜ ಅಂತೆ. ಬೆಳ್ಳನೆಯ ಹುಡುಗನೊಬ್ಬ ಬಾಟಲಿ ಬಿಚ್ಚುತ್ತಾನೆ. ನೊರೆ ನೋಡಿ ನಾನು ಕಣ್ಣು ಹೊರಳಿಸಿ, ನಾಲಿಗೆ ಚಾಚಿ, ಅವನ ಮುಂದೆ ಕುಣಿಯಬೇಕು. ಮಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು.

ಶಾಟ್ ಆದ ಕೂಡಲೇ ಒಬ್ಬ ಓಡಿ ಬಂದು ನನ್ನ ತಲೆ ಮೇಲೆ ಕೊಡೆ ಹಿಡಿದ. ನಾನು ನಡೆದರೆ ಅವನೂ ನಡೆದ. ಕೂತರೆ ಪಕ್ಕದಲ್ಲಿ ನಿಂತ. ಬೇಸಿಗೆಯ ಬಿಸಿಲಿನಲ್ಲಿ ಉಳ್ಳಾಗಡ್ಡಿ ಮೂಟೆ ಹೊರುವಾಗ ನನ್ನ ತಲೆಗೆ ನೆರಳಾದದ್ದು ಆ ಮೂಟೆ ಒಂದೇ. ಬೇರೆ ಯಾರೂ ನನಗೆ ಅಂತ ಕೊಡೆ ಹಿಡಿದವರಲ್ಲ. ಕಣ್ಣು ತುಂಬಿ ಬಂತು.

ಟೀಚರಿಗೆ ಇದನ್ನು ಹೇಳಲಿಲ್ಲ. ಬಾಟಲಿ ಕೈಗೆ ಬರಲಿ, ಮುಂದೆ ಇಟ್ಟು ತೋರಿಸೋಣ ಅಂದುಕೊಂಡೆ. ಕೇಳಬೇಕಾದ ಇನ್ನೊಂದು ಮಾತೂ ಆವತ್ತೇ ಕೇಳಿಬಿಡೋಣ ಅಂತ ಮನಸ್ಸು ಗಟ್ಟಿ ಮಾಡಿದೆ. ಉಳಿದ ದಿನ ಒಟ್ಟಿಗೆ ಇರೋಣ, ಕೋರ್ಟಿನಲ್ಲಿ ಸಹಿ ಮಾಡೋಣ, ನಿಮ್ಮ ಮನಸ್ಸು ಏನು, ಅಂತ. ಅವರ ಮನಸ್ಸು ನನಗೆ ಗೊತ್ತಿತ್ತು. ಆದರೂ ಕೇಳಿಸಿಕೊಳ್ಳಬೇಕಲ್ಲ.

ಬೇಸಿಗೆಯ ರಜೆ ಮುಗಿದು ಶಾಲೆ ತೆರೆದ ಮೇಲೆ ಮನೀಶ ಬಾಟಲಿ ತಂದುಕೊಟ್ಟ. ಶನಿವಾರ ಕಟಿಂಗ್ ಮಾಡಿಸಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಮಕ್ಕಳಿಗೆಲ್ಲ ಹಂಚುವಷ್ಟು ಬಾಟಲಿ ಚೀಲದಲ್ಲಿ ತುಂಬಿಕೊಂಡು ಹೋದೆ. ನಾಗವೇಣಿ ಮೊದಲೇ ಹೋಗಿದ್ದಳು. ಪಾಠ ಶುರುವಾಗಿತ್ತು. ಸದ್ದು ಮಾಡದೆ ಹಿಂದಿನ ಬೆಂಚಿನಲ್ಲಿ ಕೂತೆ.

ಕಪ್ಪುಹಲಗೆಯ ಮೇಲೆ ನಾನಿದ್ದೆ.

ಪೇಪರಿನ ಪೂರ್ತಿ ಪುಟ. ಕಣ್ಣಗುಡ್ಡೆ ಹೊರಗೆ, ನಾಲಿಗೆ ಹೊರಗೆ.

"ಇವನನ್ನು ನೋಡಿದ್ರೆ ಎಂಥ ಅನ್ನಿಸ್ತದೆ? ಮನಸ್ಸಿಗೆ ಬಂದದ್ದು ಹೇಳಿ," ಅಂದರು ಟೀಚರ್.

"ಜಂಗ್ಲಿ."

"ಬಂದರ್ ಜೈಸಾ. ಮಂಗ್ಯಾ."

"ಜೊಲ್ಲ ಸುರಸಾಕ ಹತ್ಯಾನ್ರಿ ಟೀಚರ್."

ತರಗತಿ ಬಿದ್ದು ಬಿದ್ದು ನಕ್ಕಿತು. ನಾಗವೇಣಿಯೂ ನಕ್ಕಳು. ನಾನು ಚೀಲವನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದೆ.

"ನಗು ಬಂತು ಅಲ್ವಾ? ಬರ್ಲಿ ಅಂತಲೇ ಹೀಗೆ ಮಾಡಿದ್ದಾರೆ," ಅಂದರು ಟೀಚರ್. "ಈಗ ಯೋಚನೆ ಮಾಡಿ. ಆಫ್ರಿಕಾದಲ್ಲಿ ಪೇಟೆ ಇಲ್ವಾ? ಶಾಲೆ, ಆಸ್ಪತ್ರೆ ಇಲ್ವಾ? ಆ ಕಡೆಯಿಂದ ಓದ್ಲಿಕ್ಕೆ ಬಂದ ಹುಡುಗರನ್ನು ವಾಶಿ ಸ್ಟೇಶನ್ನಿನಲ್ಲಿ ನೀವು ನೋಡಿದ್ದೀರಿ. ಬೂಟು ಹಾಕ್ಕೊಂಡು, ನಿಮ್ಮ ಅಣ್ಣಂದಿರ ಹಾಗೆ ಟ್ರೈನಿಗೆ ಕಾಯ್ತಾರೆ. ಜನ ಅವರ ಪಕ್ಕ ಕೂರುದಿಲ್ಲ. ಯಾಕೆ? ಅವರನ್ನು ನೋಡುವ ಮೊದಲೇ ಈ ಚಿತ್ರವನ್ನು ನೋಡಿ ಆಗಿದೆ. ಈ ಬಿಳಿ ಹುಡುಗ ನೋಡಿ, ನೆಟ್ಟಗೆ ನಿಂತಿದ್ದಾನೆ. ಬಗ್ಗಿದ್ದು ಯಾರು?"

ಮಕ್ಕಳ ನಗು ಒಂದೊಂದಾಗಿ ನಿಂತಿತು. ಪಾಠ ಅಂದರೆ ಪಾಠ ಅದು. ನಾನೂ ಆ ಚಿತ್ರವನ್ನು ಮೊದಲ ಸಲ ನೋಡಿದೆ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ನಾಗವೇಣಿ ಕೈ ಎತ್ತಿದಳು. "ಟೀಚರ್, ಮತ್ತ ಈ ಮನುಷ್ಯ ಯಾಕ ಒಪ್ಪಿಕೊಂಡ?"

ಟೀಚರ್ ಆ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತ ಅಂದರು: "ಕೆಲವರಿಗೆ ಮರ್ಯಾದೆ ಅಂದ್ರೆ ಎಂಥದು ಅಂತ ಗೊತ್ತಿರುದಿಲ್ಲ ಮಗಾ. ತಮ್ಮನ್ನೇ ಮಾರಿಕೊಳ್ತಾರೆ."

ನಾಗವೇಣಿ ಕೂರಲಿಲ್ಲ. ಚಿತ್ರವನ್ನೇ ನೋಡುತ್ತಿದ್ದಳು, ಅದರ ಜೋತುಬಿದ್ದ ಬಲಭುಜವನ್ನು. ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಹುಡುಗಿಯ ಕಣ್ಣಿನ ಹಿಂದೆಯೇ ಟೀಚರ್ ಕಣ್ಣು ಬಂತು. ನನ್ನ ಭುಜ ನೋಡಿದರು. ಕಪ್ಪುಹಲಗೆ ನೋಡಿದರು.

ನಾನು ಎದ್ದು ಹೊರಗೆ ನಡೆದೆ. 

*

ಕಡಲ ನೀರು ಏರಿ ಇಳಿಯುವ ಖಾಡಿಯ ಸೇತುವೆಯ ಮೇಲೆ ಅವರು ನನ್ನನ್ನು ಓಡಿ ಬಂದು ಹಿಡಿದರು. ಏದುಸಿರು ಬಿಡುತ್ತಿದ್ದರು. ನೀರು ಇಳಿದ ಹೊತ್ತು, ಕೆಳಗೆ ಬರೀ ಕೆಸರು.

"ನನಗೆ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ."

"ಹೆಂಗ ಗೊತ್ತಾಗ್ತದರಿ? ಅಷ್ಟು ಬಣ್ಣ ಬಳದಾರ."

"ನಾನು ಹೇಳಿದ್ದು..."

"ಚಿತ್ರದ ಬಗ್ಗೆ ನೀವು ಹೇಳಿದ್ದು ಎಲ್ಲಾ ಖರೆ ಅದ ಟೀಚರ. ಆ ಮನುಷ್ಯಾನ ಬಗ್ಗೆ ಹೇಳಿದ್ದು ಖರೆ ಅಲ್ಲ."

ಕಟಕಟೆ ಹಿಡಿದುಕೊಂಡು ಅತ್ತರು. ಪಕ್ಕದಲ್ಲಿ ಟ್ರಕ್ಕು, ರಿಕ್ಷಾ ಹೋಗುತ್ತಲೇ ಇದ್ದವು. ಬೆನ್ನ ಮೇಲೆ ಕೈ ಇಡಬೇಕು ಅನಿಸಿತು. ಆ ಅಧಿಕಾರ ಇನ್ನೂ ಕೇಳಿ ಪಡೆದಿರಲಿಲ್ಲ.

"ಬರುವ ಶನಿವಾರ ನೀವೇ ಬಂದು ಹೇಳಿ," ಅಂದರು ಮೂಗೊರೆಸಿಕೊಂಡು. "ನಾಗವೇಣಿಗೆ ನಾನು ತಪ್ಪು ಉತ್ತರ ಕೊಟ್ಟೆ. ಸರಿ ಉತ್ತರ ನಿಮ್ಮ ಹತ್ರ ಮಾತ್ರ ಉಂಟು. ನನ್ನ ಎದುರಿಗೇ ಹೇಳಿ."

ಹೋಗದಿದ್ದರೂ ನಡೆಯುತ್ತಿತ್ತು. ಹೋದೆ. ನನ್ನ ಬಗ್ಗೆ ಅಂದ ಒಂದು ಮಾತನ್ನು ಅವರ ಮುಂದೆ ಅಳಿಸಬೇಕಿತ್ತು.

ಮಕ್ಕಳ ಮುಂದೆ ನಿಂತಾಗ ಕೈ ಎಲ್ಲಿಡಬೇಕು ತಿಳಿಯಲಿಲ್ಲ. ಟೀಚರ್ ಕಿಡಕಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು.

"ಯಾಕ ಒಪ್ಪಿಕೊಂಡ ಅಂತ ಕೇಳಿದ್ದಿಯಲ್ಲವಾ ನಾಗವೇಣಿ," ಅಂದೆ. "ಹೋಗೋಕಿಂತ ಮೊದಲು ಏನ್ ಪಾರ್ಟ್ ಅಂತ ಗೊತ್ತಿರಲಿಲ್ಲ. ಹೋದ ಮ್ಯಾಲ ಗೊತ್ತಾತು. ಆಗ ಬಿಟ್ಟು ಬರಬಹುದಿತ್ತು. ಬರಲಿಲ್ಲ. ಯಾಕಂದ್ರ, ಮಕ್ಕಳ್ರ್ಯಾ, ಅಲ್ಲಿ ನನಗ ಮರ್ಯಾದಿ ಸಿಕ್ಕಿತ್ತು. ಬಿಸಿಲಾಗ ಒಬ್ಬಾಂವ ನನ್ನ ತಲಿ ಮ್ಯಾಲ ಕೊಡಿ ಹಿಡದಿದ್ದ. ಎಲ್ಲಿ ಹೋದ್ರೂ ಕೊಡಿ ಹಿಡಕೊಂಡು ಬರ್ತಿದ್ದ. ನಿಮ್ಮ ಅಪ್ಪಂದಿರನ್ನ ಕೇಳ್ರಿ, ಹಮಾಲಿ ಮಾಡೋನಿಗೆ ಯಾರರ ಕೊಡಿ ಹಿಡೀತಾರೇನು ಅಂತ."

ಯಾರೂ ನಗಲಿಲ್ಲ. ಟೀಚರ್ ತಲೆ ಎತ್ತಿದರು. ಅವರ ಕಣ್ಣಿನಲ್ಲಿ ನೀರಿತ್ತು, ಅದರ ಹಿಂದೆ ಮೊದಲಿನ ಆ ನೋಟ ಬರಲೋ ಬೇಡವೋ ಅಂತ ನಿಂತಿತ್ತು. ಇನ್ನು ಒಂದು ಗಳಿಗೆ ಸಿಕ್ಕಿದ್ದರೆ ಬರುತ್ತಿತ್ತು.

ಸಂಗಮೇಶ ಕೈ ಎತ್ತಿದ. ಕೇಡಿನ ಹುಡುಗ ಅಲ್ಲ. ಕಲಿಸಿದ್ದನ್ನು ಶ್ರದ್ಧೆಯಿಂದ ಕಲಿತವನು.

"ಕಾಕಾ, ವೋ ಛತ್ರೀ ಆಪ್ ಕೇ ಲಿಯೇ ಥೀ, ಯಾ ಕಲರ್ ಕೇ ಲಿಯೇ? ಛತ್ರಿ ನಿಮಗ ಹಿಡದಿದ್ರೋ, ಬಣ್ಣಕ್ಕ ಹಿಡದಿದ್ರೋ? ಬೆವರು ಬಂದ್ರ ಕಲರ್ ಇಳೀತದಲ್ಲ."

ಅಷ್ಟು ದಿನಗಳಲ್ಲಿ ಆ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಸಂಜೆ ಬಣ್ಣ ತೊಳೆದ ಮೇಲೆ ಆ ಹುಡುಗ ಕೊಡೆ ಮಡಚಿಕೊಂಡು ಹೋದದ್ದು, ನಾನು ಬಸ್‌ಸ್ಟಾಪಿನ ತನಕ ಒಬ್ಬನೇ ನಡೆದದ್ದು ನೆನಪಾಯಿತು.

"ಬಣ್ಣಕ್ಕ ಇರಬೇಕಪ್ಪ," ಅಂದೆ.

ಹುಡುಗ ಟೀಚರ್ ಕಡೆ ನೋಡಿದ, ಸರಿಯಾಗಿ ನೋಡಿದೆನಾ ಅಂತ. ಅವರು ಮುಖ ಕಿಡಕಿಗೆ ತಿರುಗಿಸಿದರು.

*

ಆಮೇಲೂ ಅವರು ಬರುವುದು ಬಿಡಲಿಲ್ಲ. ಮಳೆಗಾಲ ಪೂರ್ತಿ ಸ್ಟೇಶನ್ನಿನ ತನಕ ಜೊತೆಗೆ ನಡೆದೆವು. ನನಗಾಗಿ ನೀರುದೋಸೆ ಮಾಡಿ ತರುತ್ತಿದ್ದರು. ಆದರೆ ಹೀರೋ ಅನ್ನುವುದು ನಿಂತಿತು. ಪಾರ್ಟಿನ ಮಾತು ನಿಂತಿತು. ಅವರ ಬಾಯಿಂದ ಕಪ್ಪು ಅನ್ನುವ ಶಬ್ದವೇ ಹೋಯಿತು. ಒಮ್ಮೆ ಮೋಡ ಕಪ್ಪಾಗಿದೆ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡು, ಮಳೆ ಬರ್ತದೆ ಅಂದರು.

"ನೀವು ಮೊದಲಿನ ಹಂಗ ಬೈರಿ ಟೀಚರ, ಚಾಷ್ಟಿ ಮಾಡ್ರಿ," ಅಂದೆ.

"ಹೆದರಿಕೆ ಆಗ್ತದೆ," ಅಂದರು. "ಏನು ಹೇಳಿದ್ರೆ ಎಲ್ಲಿ ನೋಯ್ತದೋ ಅಂತ."

ಅಷ್ಟು ಜತನ ಮಾಡಿದರೆ ಬದುಕುವುದು ಹೆಂಗೆ? ಗಾಜಿನ ಸಾಮಾನು ಒಯ್ಯುವ ಹಾಗೆ ನನ್ನನ್ನು ಒಯ್ಯುತ್ತಿದ್ದರು. ಅವರ ಕೈ ಸೋಲುವುದು ನನಗೆ ಕಾಣುತ್ತಿತ್ತು.

ದಸರೆಯ ಮುಂಚೆ ರಬಾಳೆಯ ಒಂದು ಗೋದಾಮಿನಲ್ಲಿ ನನಗೆ ಕಾವಲಿನ ಕೆಲಸ ಸಿಕ್ಕಿತು. ಇರಲಿಕ್ಕೆ ಅಲ್ಲೇ ಖೋಲಿ. ಮನೀಶನಿಗೆ ಇನ್ನು ಕರೆಯಬೇಡ ಅಂತ ಹೇಳಿದೆ. ಟೀಚರಿಗೆ ಪ್ಲಾಟ್‌ಫಾರ್ಮಿನಲ್ಲಿ ಹೇಳಿದೆ.

"ಶನಿವಾರ?"

"ರಜಾ ಇಲ್ರಿ."

 ಒಂದು ಲೋಕಲ್ಲು ಬಂತು, ಅವರು ಹತ್ತಲಿಲ್ಲ. ಅದು ಹೋಯಿತು.

"ಆವತ್ತು ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತೀರಿ ಅಂತ ನಾಗವೇಣಿ ಶಾಲೆಗೆ ಬಂದ ಕೂಡ್ಲೇ ಹೇಳಿದ್ಲು. ಎಂಥಕ್ಕೆ ಅಂತ ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ನನ್ನ ಎದೆ ಹೊಡ್ಕೊಳ್ತಿತ್ತು." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಈಗಲೂ ಕೇಳಬಹುದಲ್ವಾ? ಕೇಳಿದ್ರೆ ಹೌದು ಅಂತಲೇ ಹೇಳ್ತೇನೆ."

"ಗೊತ್ತದರಿ," ಅಂದೆ. "ಅದಕ್ಕ ಕೇಳವಲ್ಲೆ."

ಅವರು ನನ್ನ ಕಡೆ ತಿರುಗಿದರು.

"ಅವತ್ತ ಹೌದು ಅಂದಿದ್ರ ಅದು ನನಗ ಹೇಳಿದ್ದು ಆಗ್ತಿತ್ತು. ಈಗ ಹೇಳೋ ಹೌದು ನೀವು ತಪ್ಪಿಗೆ ಕಟ್ಟೋ ದಂಡ. ನಿಮ್ಮ ಹತ್ರ ದಂಡ ತಗೊಂಡು ನಾ ಹೆಂಗ ಸಂಸಾರ ಮಾಡ್ಲಿ?"

"ನನಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ಹೇಳುದಾ ನೀವು?"

"ಅದ ರೀ. ಬಹಳ ಅದ. ನನಗೂ ಅದ. ಇಲ್ಲ ಅಂದಿದ್ರ ಹಗುರಾಗಿ ಹೋಗ್ತಿದ್ದೆ."

ಮೊದಲ ಸಲ ಅವರ ಕೈ ಹಿಡಿದೆ. ಸೀಮೆಸುಣ್ಣದ ಪುಡಿ ಉಗುರಿನ ಸಂದಿಯಲ್ಲಿ ಇತ್ತು. ಅವರು ಬಿಡಿಸಿಕೊಳ್ಳಲಿಲ್ಲ.

"ಪಾಠ ಮಾತ್ರ ನಿಲ್ಲಿಸಬ್ಯಾಡ್ರಿ," ಅಂದೆ. "ಆ ಸಂಗಮೇಶ ಶಾಣ್ಯಾ ಇದ್ದಾನ."

ಮುಂದಿನ ಲೋಕಲ್ಲು ಬಂತು. ಸಂಜೆಯ ಗರ್ದಿ ಅವರನ್ನು ನನ್ನ ಕೈಯಿಂದ ಎಳೆದು ಒಳಗೆ ತುಂಬಿಸಿತು. ನಾನು ಜನರ ತಲೆಗಳ ನಡುವೆ ನೋಡಿದೆ. ಯಾವುದು ಅವರ ತಲೆ ಅಂತ ತಿಳಿಯುವ ಮುಂಚೆ ಗಾಡಿ ಮುಂಬ್ರಾದ ಕಡೆ ಹೊರಟಿತು.